1 ಜಿಬಿ ರ‍್ಯಾಮ್‌ನ ಗಣಕದಲ್ಲಿ ಎಂಡಿಎಡಿಎಂ: ಕೈಕೊಟ್ಟ ರೇಡ್ 5 ಮರಳಿ ಸಿಕ್ಕ ಬಗೆ

ಲಿನಕ್ಸ್‌ನಲ್ಲಿ ಹಲವು ಹಾರ್ಡ್ ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿ ನೋಡಿಕೊಳ್ಳುವ ಎಂಡಿಎಡಿಎಂ ತಂತ್ರಾಂಶವನ್ನು ನಾನು ಎಂಟು ವರ್ಷಗಳಿಂದ ಬಳಸುತ್ತಿದ್ದೇನೆ. ಆದರೆ ಅದರ ನಿಜವಾದ ಬೆಲೆ ತಿಳಿದದ್ದು ಕಳೆದ ತಿಂಗಳು, ನಮ್ಮೂರಿನ ತಾಳಮದ್ದಲೆಗಳ ಧ್ವನಿಮುದ್ರಣಗಳನ್ನೆಲ್ಲ ಇಟ್ಟಿದ್ದ ಮನೆಯ ಹಳೆಯ ಗಣಕ ತೊಂದರೆ ಕೊಟ್ಟಾಗ. ಅದರಲ್ಲಿರುವುದು 1 ಜಿಬಿ ರ‍್ಯಾಮ್ ಮತ್ತು 2 ಟಿಬಿಯ ನಾಲ್ಕು ಡಿಸ್ಕ್‌ಗಳ ರೇಡ್ 5, ಎಂದರೆ ಮಾಹಿತಿಯನ್ನು ಎಲ್ಲ ಡಿಸ್ಕ್‌ಗಳಿಗೂ ಹಂಚಿ, ಒಂದು ಹೋದರೂ ಉಳಿದವುಗಳಿಂದ ಮರಳಿ ಪಡೆಯುವಂತೆ ಇಡುವ ಜೋಡಣೆ.

ಮೊದಲು ಒಂದು ಡಿಸ್ಕ್ ಹೋಯಿತು. ಹೊಸದನ್ನು ಸೇರಿಸಿ, ಹೋದ ಡಿಸ್ಕಿನ ಮಾಹಿತಿಯನ್ನು ಅದರ ಮೇಲೆ ಮತ್ತೆ ಬರೆಯುವ ಮರುನಿರ್ಮಾಣ ನಡೆಯುತ್ತಿದ್ದಾಗಲೇ ಇನ್ನೊಂದು ಡಿಸ್ಕ್ ಓದಲಾಗದೆ ಹೊರಬಿತ್ತು. ರೇಡ್ 5 ತಾಳುವುದು ಒಂದೇ ಡಿಸ್ಕಿನ ನಷ್ಟವನ್ನು. ಹೀಗಾಗಿ ಇಡೀ ಜೋಡಣೆ ನಿಂತಿತು. ಇಲ್ಲಿ ನೆರವಾದದ್ದು ಎಂಡಿಎಡಿಎಂನ ಎಕ್ಸಾಮಿನ್ ಎಂಬ ಆದೇಶ. ಪ್ರತಿ ಡಿಸ್ಕ್ ಎಲ್ಲಿಯವರೆಗಿನ ಬರಹವನ್ನು ಕಂಡಿದೆ ಎಂಬುದನ್ನು ಅದು ಈವೆಂಟ್ ಎಣಿಕೆಯಾಗಿ ತೋರಿಸುತ್ತದೆ. ಸರಿಯಿದ್ದ ಎರಡು ಡಿಸ್ಕ್‌ಗಳ ಎಣಿಕೆ ಒಂದೇ ಆಗಿತ್ತು, ಹೊರಬಿದ್ದದ್ದು ಕೆಲವೇ ಅಂಕಿಗಳಷ್ಟು ಹಿಂದಿತ್ತು. ಎಂದರೆ ಅದರಲ್ಲಿದ್ದ ಮಾಹಿತಿ ಹೆಚ್ಚುಕಡಿಮೆ ಹೊಸದೇ. ಆ ಡಿಸ್ಕನ್ನು, ಕೆಟ್ಟ ಡಿಸ್ಕಿನಿಂದ ಓದಲಾದಷ್ಟನ್ನೂ ನಕಲಿಸುವ ಡಿಡಿರೆಸ್ಕ್ಯೂ ತಂತ್ರಾಂಶದ ಮೂಲಕ ಮತ್ತೊಂದು ಡಿಸ್ಕಿಗೆ ನಕಲು ಮಾಡಿಕೊಂಡೆ. ಎರಡು ಸಲ ಕರೆಂಟ್ ಹೋದರೂ, ತನ್ನ ಪ್ರಗತಿಯನ್ನು ಕಡತದಲ್ಲಿ ಬರೆದಿಟ್ಟುಕೊಳ್ಳುವ ಆ ತಂತ್ರಾಂಶ ನಿಂತಲ್ಲಿಂದಲೇ ಮುಂದುವರಿಯಿತು. ಆಮೇಲೆ ಇರುವ ಡಿಸ್ಕ್‌ಗಳನ್ನು ಮತ್ತೆ ಜೋಡಿಸುವ ಅಸೆಂಬಲ್ ಆದೇಶಕ್ಕೆ, ಎಣಿಕೆ ಹೊಂದದಿದ್ದರೂ ಒಪ್ಪಿಕೊಳ್ಳುವಂತೆ ಮಾಡುವ ಫೋರ್ಸ್ ಸೇರಿಸಿ ಮೂರು ಡಿಸ್ಕ್‌ಗಳಿಂದ ಜೋಡಣೆಯನ್ನು ಎಬ್ಬಿಸಿದೆ.

ಮೆಮೊರಿಯ ವಿಷಯದಲ್ಲಿ ಎಂಡಿಎಡಿಎಂ ಮೇಲೆ ನನಗೆ ಯಾವ ದೂರೂ ಇಲ್ಲ. ಮರುನಿರ್ಮಾಣದ ವೇಗ ಹೆಚ್ಚಲೆಂದು ರೇಡ್‌ನ ಲೆಕ್ಕಕ್ಕೆಂದು ಮೆಮೊರಿಯಲ್ಲಿ ಮೀಸಲಿಡುವ ಸ್ಟ್ರೈಪ್ ಕ್ಯಾಶ್ ಅನ್ನು 8192ಕ್ಕೆ ಏರಿಸಿದ್ದು ನನ್ನದೇ ತಪ್ಪು: ನಾಲ್ಕು ಡಿಸ್ಕ್‌ಗಳಿಗೆ ತಲಾ 4 ಕೆಬಿಯಂತೆ ಅದು 128 ಎಂಬಿ ನುಂಗುತ್ತದೆ. ಮೂಲದ 256ರಲ್ಲಿ ಬೇಕಾಗುವುದು 4 ಎಂಬಿ ಮಾತ್ರ. ನಿಜವಾಗಿ ಮೆಮೊರಿ ಸಾಲದೆ ಹೋದದ್ದು ಆಮೇಲಿನ ಕೆಲಸಕ್ಕೆ. 6 ಟಿಬಿಯ ಇಎಕ್ಸ್‌ಟಿ4 ಕಡತ ವ್ಯವಸ್ಥೆಯನ್ನು ಪರೀಕ್ಷಿಸಲು ಹೊರಟ ಇ2ಎಫ್‌ಎಸ್‌ಸಿಕೆ ಎಂಬ ತಂತ್ರಾಂಶ ಅರ್ಧದಲ್ಲೇ ಲಿನಕ್ಸ್‌ನ ತಿರುಳಾದ ಕರ್ನೆಲ್‌ನಿಂದ ಕೊಲ್ಲಲ್ಪಟ್ಟಿತು. ಮೆಮೊರಿ ಸಾಲದಿದ್ದಾಗ ಡಿಸ್ಕಿನಲ್ಲಿ ಬದಲಿಯಾಗಿ ಬಳಸುವ ಸ್ವಾಪ್ ಕಡತವೂ ಅದೇ ಜೋಡಣೆಯೊಳಗೇ ಇದ್ದುದರಿಂದ ಆಸರೆಯೇ ಇರಲಿಲ್ಲ. ಇ2ಎಫ್‌ಎಸ್‌ಸಿಕೆಯ ಸಂರಚನಾ ಕಡತದಲ್ಲಿ ಸ್ಕ್ರ್ಯಾಚ್ ಫೈಲ್ಸ್ ಎಂಬ ಭಾಗವಿದ್ದು, ಅಲ್ಲಿ ಯುಎಸ್‌ಬಿ ಡಿಸ್ಕಿನ ಒಂದು ಫೋಲ್ಡರ್ ಸೂಚಿಸಿದ ಮೇಲೆ ಅದು ತನ್ನ ಪಟ್ಟಿಗಳನ್ನು ಮೆಮೊರಿಯ ಬದಲು ಅಲ್ಲಿ ಇಟ್ಟುಕೊಂಡಿತು. ಇಡೀ ರಾತ್ರಿ ಹಿಡಿದರೂ ಪರೀಕ್ಷೆ ಮುಗಿಯಿತು.

ಒಂದು ಗಂಭೀರ ಆಕ್ಷೇಪ ಮಾತ್ರ ಇದೆ. ಗಾಬರಿಯಲ್ಲಿ ಅಸೆಂಬಲ್ ಬದಲು ಹೊಸ ಜೋಡಣೆಯನ್ನೇ ಕಟ್ಟುವ ಕ್ರಿಯೇಟ್ ಆದೇಶ ಕೊಟ್ಟವರನ್ನು ಈ ತಂತ್ರಾಂಶ ಒಂದು ಪ್ರಶ್ನೆಯಷ್ಟೇ ಕೇಳಿ ಮುಂದೆ ಬಿಟ್ಟುಬಿಡುತ್ತದೆ. ಡಿಸ್ಕ್‌ಗಳ ಕ್ರಮ ತಪ್ಪಿ ಮರುನಿರ್ಮಾಣ ಶುರುವಾದರೆ ಉಳಿದ ಮಾಹಿತಿಯೂ ಅಳಿಯುತ್ತದೆ. ಎಕ್ಸಾಮಿನ್ ಕೊಟ್ಟ ಉತ್ತರವನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ನನಗೆ ಕೊನೆಯಲ್ಲಿ ಕೆಟ್ಟು ಸಿಕ್ಕಿದ್ದು ಮೂರು ಧ್ವನಿ ಕಡತಗಳು. ಉಳಿದ ಅರ್ಥಗಾರಿಕೆಯೆಲ್ಲ ಇಂದು ಎರಡು ಬೇರೆ ಡಿಸ್ಕ್‌ಗಳಲ್ಲಿದೆ.