ಅಕ್ಯು-ಚೆಕ್ ಆಕ್ಟಿವ್: ಸ್ಟಿರಾಯ್ಡ್ ಮಾತ್ರೆ ನಡೆಯುವಾಗ ನಮಗೆ ಒದಗಿದ ಗ್ಲುಕೋಮೀಟರ್

ಮನೆಯಲ್ಲೇ ಬೆರಳು ಚುಚ್ಚಿ ಶುಗರ್ ನೋಡುವ ಈ ಮೀಟರ್ ಕೊಂಡದ್ದು ಅತ್ತೆಗೋಸ್ಕರ. ಅವರಿಗೆ 74 ವರ್ಷ. ಸಕಲೇಶಪುರದ ಥಂಡಿಗೆ ಉಬ್ಬಸ ಜಾಸ್ತಿ. ಶುಗರ್ ಮೊದಲಿನಿಂದಲೂ ಇದೆ, ಆದರೆ ಹಿಡಿತದಲ್ಲಿತ್ತು. ಈ ಮಳೆಗಾಲದಲ್ಲಿ ಉಬ್ಬಸಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಶುರುವಾದ ಮೇಲೆ ಬಾಯಿ ಒಣಗುತ್ತದೆ, ಪದೇ ಪದೇ ಬಚ್ಚಲಿಗೆ ಹೋಗಬೇಕಾಗುತ್ತದೆ ಎನ್ನತೊಡಗಿದರು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದರೆ 118. ಅದೇ ದಿನ ಸಂಜೆ 5ಕ್ಕೆ 296! ಲ್ಯಾಬಿನಲ್ಲೂ ರಕ್ತ ಕೊಟ್ಟೆವು, ಅಲ್ಲೂ ಹೆಚ್ಚುಕಮ್ಮಿ ಅಷ್ಟೇ ಬಂತು. ಡಾಕ್ಟರ್ ಬಿಡಿಸಿ ಹೇಳಿದರು. ಬೆಳಿಗ್ಗೆ ನುಂಗುವ ಈ ಮಾತ್ರೆ ಮಧ್ಯಾಹ್ನ, ಸಂಜೆಯ ಶುಗರನ್ನು ಏರಿಸುತ್ತದೆ. ಬೆಳಗಾಗುವಷ್ಟರಲ್ಲಿ ಅದು ಇಳಿದಿರುತ್ತದೆ. ಮಾತ್ರೆಯಿಂದ ಲಿವರ್ ಹೆಚ್ಚು ಸಕ್ಕರೆ ಬಿಡುತ್ತದೆ, ಇನ್ಸುಲಿನ್ ಮಾತನ್ನು ಮೈ ಸರಿಯಾಗಿ ಕೇಳುವುದಿಲ್ಲ. ಬರೀ ಫಾಸ್ಟಿಂಗ್ ನೋಡಿ ಸುಮ್ನೆ ಇದ್ದರೆ ಗೊತ್ತೇ ಆಗುವುದಿಲ್ಲ, ಅಲ್ವಾ?

ಮೀಟರ್ ಬಳಸುವುದು ಸುಲಭ. ಒಂದು ಸಣ್ಣ ಹನಿ ರಕ್ತ ಸಾಕು, ಸುಮಾರು 5 ಸೆಕೆಂಡಿನಲ್ಲಿ ಅಂಕಿ ಬರುತ್ತದೆ. ನನಗೆ ಹಿಡಿಸಿದ್ದು ಅದರ ಮೆಮೊರಿ. 500 ರೀಡಿಂಗ್ ಇರುತ್ತವೆ, ದಿನಾಂಕ ಮತ್ತು ಸಮಯದ ಸಮೇತ. ಡಾಕ್ಟರ್ ಒಂದೊಂದಾಗಿ ಒತ್ತಿ ನೋಡಿಯೇ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ಸ್ವಲ್ಪ ಹೆಚ್ಚಿಸಿದರು.

ಇದು ನಿಜವಾಗಿ ಕೈಹಿಡಿದದ್ದು ಆಮೇಲೆ. ಸ್ಟಿರಾಯ್ಡ್ ಇಳಿಸುತ್ತಾ ಬಂದಾಗ, ಹೆಚ್ಚಿಸಿದ ಶುಗರ್ ಮಾತ್ರೆಯನ್ನೂ ಇಳಿಸಬೇಕು. ಇಲ್ಲದಿದ್ದರೆ ಶುಗರ್ ತೀರಾ ಇಳಿದು ಲೋ ಆಗುತ್ತದೆ. ವಯಸ್ಸಾದವರು ಲೋ ಆದಾಗ ಮಂಕಾಗುತ್ತಾರೆ, ತಲೆಸುತ್ತಿ ಬೀಳುತ್ತಾರೆ. ಅತ್ತೆಗೆ ಒಂದು ಸಂಜೆ 82 ಬಂತು. ಕೂಡಲೇ ಫೋನ್ ಮಾಡಿದೆ, ಡಾಕ್ಟರ್ ಡೋಸ್ ಕಡಿಮೆ ಮಾಡಿದರು. ಈಗ ಮಾವನಿಗೂ ಇದರಲ್ಲೇ ನೋಡುತ್ತೇನೆ. ಅವರಿಗೂ ಶುಗರ್ ಇದೆ, ಬಿಪಿಗೆ ಅಟೆನೊಲಾಲ್ ನಡೆಯುತ್ತಿದೆ. ಆ ಮಾತ್ರೆ ಲೋ ಆದಾಗಿನ ಎದೆಬಡಿತ, ನಡುಕವನ್ನು ಮರೆಮಾಚಬಹುದು. ಬೆವರು ಮಾತ್ರ ಕಾಣಿಸಬಹುದು. ಹಾಗಾಗಿ ಮಾವ ಬೆವರಿದರೆ ಸೆಕೆ ಎಂದು ಬಿಡದೆ ಬೆರಳು ಚುಚ್ಚಿ ನೋಡುತ್ತೇನೆ.

ಖರ್ಚು ಇರುವುದು ರಕ್ತದ ಹನಿ ಹಾಕುವ ಸ್ಟ್ರಿಪ್‌ನಲ್ಲಿ, ಯಾವ ಕಂಪನಿಯದಾದರೂ ಅಷ್ಟೇ. ಆದ್ದರಿಂದ ಸ್ಟಿರಾಯ್ಡ್ ನಡೆಯುವಾಗ ಯಾವ ಹೊತ್ತಿಗೆ ನೋಡಬೇಕು ಎಂದು ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ. ಮಲೆನಾಡಿನವರು ಇನ್ನೊಂದು ಗಮನಿಸಿ: ತೇವ ತಾಗಿದರೆ ಸ್ಟ್ರಿಪ್ ಕೆಡುತ್ತದೆ. ಒಂದು ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ. ಮತ್ತೆ, ಅಂಕಿ ನೋಡಿ ಗಾಬರಿಯಾಗಿ ಸ್ಟಿರಾಯ್ಡ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.