ಹಾಡಿಗೂ ಮಾತಿಗೂ ಒಂದೇ ಮೈಕ್: ಆರಾಧನೆ ನಡೆಸುವವರ ಕೈಯಲ್ಲಿ ಶೂರ್ ಎಸ್‌ಎಂ58

ಚರ್ಚಿನಲ್ಲಿ ಆರಾಧನೆ ನಡೆಸುವವರಿಗೆ ಯಾವ ಮೈಕ್ ತರೋಣ ಎಂದು ಸೌಂಡ್ ಗೊತ್ತಿರುವ ಯಾರನ್ನೇ ಕೇಳಿ, ಹತ್ತರಲ್ಲಿ ಎಂಟು ಜನ ಶೂರ್ ಕಂಪನಿಯ ಎಸ್‌ಎಂ58 ಅಂತಾರೆ. 1966ರಿಂದ ಇರುವ ಮೈಕ್, ಬಿದ್ದರೂ ಎದ್ದು ಕೆಲಸ ಮಾಡುತ್ತದೆ, ಹಾಡಿಗೆ ಹೇಳಿ ಮಾಡಿಸಿದ್ದು. ಎಲ್ಲವೂ ನಿಜ. ಆದರೆ ಆರಾಧನಾ ನಾಯಕರು ಹಾಡಿ ಇಳಿದು ಹೋಗುವ ಗಾಯಕರಲ್ಲ. ಎರಡು ಹಾಡುಗಳ ನಡುವೆ ಬೈಬಲ್ ವಾಕ್ಯ ಓದುತ್ತಾರೆ, ಮುಂದಿನ ಸಾಲು ಹೇಳಿಕೊಡುತ್ತಾರೆ, ಸಭೆಯನ್ನು ಪ್ರಾರ್ಥನೆಗೆ ಕರೆಯುತ್ತಾರೆ. ಈ ಮೈಕಿನ ನಿಜವಾದ ಪರೀಕ್ಷೆ ಅಲ್ಲಿ. ಹಿಡಿಯುವ ರೀತಿ ಬದಲಿಸದಿದ್ದರೆ ಅದು ಅಲ್ಲಿ ಫೇಲ್ ಆಗುತ್ತದೆ.

ತೂಕ 298 ಗ್ರಾಂ. 50ರಿಂದ 15,000 ಹರ್ಟ್ಸ್‌ವರೆಗೆ ಹಿಡಿಯುತ್ತದೆ. ಡೈನಮಿಕ್ (ಸದ್ದಿನಿಂದಲೇ ಒಳಗಿನ ಸುರುಳಿ ಅಲುಗಿ ವಿದ್ಯುತ್ ಹುಟ್ಟುವ ಬಗೆ) ಆದ್ದರಿಂದ ಮಿಕ್ಸರ್ ಕೇಬಲ್ ಮೂಲಕ ಕಳಿಸುವ 48 ವೋಲ್ಟ್ ವಿದ್ಯುತ್, ಅಂದರೆ ಫ್ಯಾಂಟಮ್, ಬೇಕಿಲ್ಲ. ಮಿಕ್ಸರ್‌ನಲ್ಲಿ ಅದು ಆನ್ ಇದ್ದರೂ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಸರಿಯಿದ್ದರೆ ತೊಂದರೆಯಿಲ್ಲ. ಕಾರ್ಡಿಯಾಯ್ಡ್ ಮಾದರಿ, ಅಂದರೆ ಮುಂದಿನ ಸದ್ದನ್ನು ಹೆಚ್ಚಾಗಿ, ನೇರ ಹಿಂಬದಿಯದನ್ನು ತೀರಾ ಕಡಿಮೆ ತೆಗೆದುಕೊಳ್ಳುತ್ತದೆ. ಹಾಗಾಗಿ ಹಾಡುವವರಿಗೆ ತಮ್ಮದೇ ದನಿ ಕೇಳಿಸುವ ಮಾನಿಟರ್ ಸ್ಪೀಕರ್ ಇರಬೇಕಾದ್ದು ಮೈಕಿನ ಬಾಲದ ನೇರಕ್ಕೆ. ಎಲ್‌ಸಿ ಎಂದು ಬರೆದಿರುವ ಬಾಕ್ಸ್‌ನಲ್ಲಿ ಕೇಬಲ್ ಬರುವುದಿಲ್ಲ, ಅದನ್ನು ಬೇರೆಯಾಗಿ ಕೊಳ್ಳಬೇಕು.

ಈಗ ಮಾತಿನ ವಿಷಯ. ತುಟಿ ಜಾಲರಿಗೆ ತಾಗುವಷ್ಟು ಹತ್ತಿರ ಬಂದರೆ 100 ಹರ್ಟ್ಸ್ ಸುತ್ತಮುತ್ತ 6ರಿಂದ 10 ಡೆಸಿಬೆಲ್ ಹೆಚ್ಚುವರಿ ಮಂದ್ರ ಸೇರುತ್ತದೆ. ಹಾಡುವಾಗ ಇದು ವರ. ತೆಳು ದನಿಗೆ ಮೈ ಬರುತ್ತದೆ, ಕೀಬೋರ್ಡ್ ಮತ್ತು ಡ್ರಮ್ಸ್ ನಡುವೆಯೂ ಕಂಠ ಎದ್ದು ಕೇಳುತ್ತದೆ. ವಾದ್ಯ ನಿಂತು ಗಂಡಸಿನ ಬರೀ ಮಾತು ಶುರುವಾದಾಗ ಅದೇ ಮಂದ್ರ ಗುಂಯ್ ಎನ್ನುತ್ತದೆ. ಶೀಟ್ ಮೇಲ್ಛಾವಣಿ, ಬರಿಗೋಡೆಯ ಹಾಲ್ ಆದರಂತೂ ವ್ಯಂಜನಗಳೆಲ್ಲ ಪ್ರತಿಧ್ವನಿಯಲ್ಲಿ ಮುಳುಗಿ, ಹಿಂದಿನ ಬೆಂಚಿನವರಿಗೆ ದನಿ ಕೇಳುತ್ತದೆ, ಮಾತು ಕೇಳುವುದಿಲ್ಲ.

ಇದರ ಮೇಲೆ ‘ಪ’ಕಾರದ ಕಾಟ. ಪ್ರಭು, ಪಿತ, ಪರಿಶುದ್ಧಾತ್ಮ, ಪ್ರಾರ್ಥನೆ, ಪಾಪ, ಪುನರುತ್ಥಾನ: ಕನ್ನಡ ಆರಾಧನೆಯ ಅರ್ಧ ಶಬ್ದಸಂಪತ್ತು ಇದೇ ಅಕ್ಷರದಿಂದ ಶುರು! ಪ್ರತಿ ಸಲವೂ ಉಸಿರು ಜಾಲರಿಗೆ ನೇರ ಬಡಿದು ಸ್ಪೀಕರ್‌ನಲ್ಲಿ ‘ಢಬ್’. ಒಳಗೆ ಸ್ಪಂಜ್ ಇದೆ, ಆದರೆ ತುಟಿಗಂಟಿದ ಮೈಕಿಗೆ ಅದು ಸಾಲದು.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ಹಾಡು ಮುಗಿದ ಕೂಡಲೇ ಮೈಕನ್ನು ಗಲ್ಲದ ಮಟ್ಟಕ್ಕೆ ಇಳಿಸಿ, ಜಾಲರಿ ಓರೆಯಾಗಿ ಬಾಯಿಯತ್ತ ನೋಡುವಂತೆ ಹಿಡಿಯಬೇಕು. ತುಟಿಗೂ ಜಾಲರಿಗೂ ಮೂರು ನಾಲ್ಕು ಬೆರಳಿನ ಅಂತರ, ಅಂದರೆ 5ರಿಂದ 8 ಸೆಂಟಿಮೀಟರ್. ಉಸಿರು ಮೈಕಿನ ಮೇಲಿಂದ ಹಾದು ಹೋಗುತ್ತದೆ, ಮಾತು ಮಾತ್ರ ಒಳಗೆ ಬೀಳುತ್ತದೆ. ಗಿಟಾರ್ ಹಿಡಿದು ನಡೆಸುವವರಿಗೆ ಕೈ ಖಾಲಿಯಿಲ್ಲ. ಸ್ಟ್ಯಾಂಡನ್ನು ಬಾಯಿಗಿಂತ ತುಸು ಕೆಳಗೆ ನಿಲ್ಲಿಸಿ ಮೈಕ್ ಮೇಲ್ಮುಖ ಮಾಡಿದರೆ, ಮಾತಾಡುವಾಗ ತಲೆ ಸ್ವಲ್ಪ ಹಿಂದೆ ತಂದರೆ ಸಾಕು.

ಆದರೆ ದೂರಕ್ಕೂ ಬೆಲೆ ಇದೆ. ಅಂತರ ಎರಡರಷ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 2 ಸೆಂಟಿಮೀಟರ್‌ನಿಂದ 8ಕ್ಕೆ ಬಂದರೆ 12. ಮಾತು ಹೇಗೂ ಹಾಡಿಗಿಂತ ಮೆತ್ತಗೆ. ಈ ಕೊರತೆಯನ್ನು ಸೌಂಡ್ ನೋಡಿಕೊಳ್ಳುವವರು ಫೇಡರ್‌ನಲ್ಲಿ (ಚಾನೆಲ್‌ನ ಜಾರುವ ವಾಲ್ಯೂಮ್ ಗುಂಡಿ) ತುಂಬಬೇಕು, ಗೇನ್‌ನಲ್ಲಿ (ಮೈಕಿನ ಸದ್ದನ್ನು ಒಳಬರುವಲ್ಲೇ ಹಿಗ್ಗಿಸುವ ಗುಂಡಿ) ಅಲ್ಲ. ಗೇನ್ ಏರಿಸಿದರೆ ಮಾನಿಟರ್‌ಗೆ ಹೋಗುವ ಮಟ್ಟವೂ ಏರಿ, ಅದರ ಸದ್ದು ಮತ್ತೆ ಮೈಕಿಗೇ ಬಿದ್ದು ಕೂಗು ಹಾಕುತ್ತದೆ. ಮಾನಿಟರ್‌ಗೆ ಕಳಿಸುವುದು ಪ್ರೀ-ಫೇಡರ್ (ಫೇಡರ್‌ಗಿಂತ ಮೊದಲೇ ತೆಗೆದದ್ದು) ಆಗಿದ್ದರೆ ಫೇಡರ್ ಏರಿಸಿದಾಗ ಅದು ಇದ್ದಲ್ಲೇ ಇರುತ್ತದೆ. ಮಿಕ್ಸರ್‌ನಲ್ಲಿ ಜೋರು ದನಿಯನ್ನು ತಗ್ಗಿಸಿ ಏರಿಳಿತ ಕಡಿಮೆ ಮಾಡುವ ಕಂಪ್ರೆಸರ್ ಇದ್ದರೆ 3:1 ಅನುಪಾತ ಒಳ್ಳೆಯ ಆರಂಭ.

ಇನ್ನೂ ಚೊಕ್ಕ ದಾರಿ, ಒಂದೇ ಮೈಕನ್ನು ಎರಡು ಚಾನೆಲ್‌ಗೆ ಕೊಡುವುದು. ಡಿಜಿಟಲ್ ಮಿಕ್ಸರ್‌ನಲ್ಲಿ ಒಳಗೇ ಜೋಡಿಸಬಹುದು, ಅನಲಾಗ್‌ನಲ್ಲಿ ಒಂದು ವೈ ಕೇಬಲ್ ಸಾಕು. ಮೊದಲ ಚಾನೆಲ್ ಹಾಡಿಗೆ: ರಿವರ್ಬ್ (ಕೃತಕ ಪ್ರತಿಧ್ವನಿ) ಸಹಿತ. ಎರಡನೆಯದು ಮಾತಿಗೆ: ರಿವರ್ಬ್ ಇಲ್ಲ, ಕೆಳಗಿನ ಸ್ವರ ಕತ್ತರಿಸುವ ಫಿಲ್ಟರ್ 120ರಿಂದ 150 ಹರ್ಟ್ಸ್‌ಗೆ. ಒಂದು ಮ್ಯೂಟ್ ಆದಾಗ ಮಾತ್ರ ಇನ್ನೊಂದು ತೆರೆಯಬೇಕು. ಎರಡೂ ತೆರೆದಿದ್ದರೆ 6 ಡೆಸಿಬೆಲ್ ಏರಿ ಸೀಟಿ ಖಾತ್ರಿ. ಇಷ್ಟು ಸೌಲಭ್ಯ ಇಲ್ಲದ ಸಭೆಯಲ್ಲಿ, ಹಾಡು ನಿಂತ ಕ್ಷಣ ಎಫೆಕ್ಟ್ಸ್ ಮ್ಯೂಟ್ ಒತ್ತುವ ಅಭ್ಯಾಸವೊಂದನ್ನಾದರೂ ಮಾಡಿಸಿ. ರಿವರ್ಬ್‌ನಲ್ಲಿ ತೇಲಿ ಬರುವ “ಪ್ರಿಯ ದೇವಜನರೇ” ಕೇಳಲು ಬಾವಿಯೊಳಗಿಂದ ಕರೆದಂತಿರುತ್ತದೆ.

ಸಾಲು ಹೇಳಿಕೊಡುವಾಗ ಈ ಮೈಕ್ ತುಂಬ ಚೆನ್ನಾಗಿ ಒದಗಿ ಬರುತ್ತದೆ. ಪ್ರೊಜೆಕ್ಟರ್ ಇಲ್ಲದ ಕಡೆ ಮುಂದಿನ ಸಾಲನ್ನು ನಾಯಕರೇ ಮುಂಚಿತವಾಗಿ ನುಡಿಯಬೇಕು. ನಿಮಿಷಕ್ಕೆ 80 ಬೀಟ್‌ನ ನಾಲ್ಕರ ತಾಳದಲ್ಲಿ ಒಂದು ಬಾರ್ (ತಾಳದ ಒಂದು ಸುತ್ತು) 3 ಸೆಕೆಂಡ್. ಸಾಲಿನ ಕೊನೆಯ ಎರಡು ಬೀಟ್‌ನಲ್ಲಿ ಸಿಗುವುದು ಒಂದೂವರೆ ಸೆಕೆಂಡ್. ಅದರೊಳಗೆ ಇಡೀ ಸಾಲು ತುರುಕಲು ಹೋಗಬೇಡಿ, ಮೊದಲ ಎರಡು ಮೂರು ಪದ ಸಾಕು, ಉಳಿದದ್ದು ಸಭೆಗೆ ನೆನಪಾಗುತ್ತದೆ. ಎಸ್‌ಎಂ58 ಮಧ್ಯ-ಮೇಲಿನ ಸ್ವರಗಳನ್ನು ತುಸು ಎತ್ತಿ ಕೊಡುವುದರಿಂದ ಈ ಅವಸರದ ಪದಗಳು ವಾದ್ಯಗಳನ್ನು ಸೀಳಿಕೊಂಡು ಹೋಗುತ್ತವೆ. ಇಲ್ಲಿ ಮಾತ್ರ ಹಾಡುವ ಅಂತರದಲ್ಲೇ ನುಡಿಯಿರಿ. ವಾದ್ಯ ನಡೆಯುತ್ತಿರುವಾಗ ಮಂದ್ರದ ಗುಂಯ್ ಯಾರಿಗೂ ಕೇಳುವುದಿಲ್ಲ.

ಕೈ ಎತ್ತಿ ಸ್ತುತಿಸುವ ಹೊತ್ತು ಇನ್ನೊಂದು ಗಂಡಾಂತರ. ಒಂದು ಕೈ ಮೇಲೆ ಹೋಗುತ್ತದೆ, ಮೈಕ್ ಹಿಡಿದ ಕೈ ತೊಡೆಯ ಪಕ್ಕ ಜೋಲುತ್ತದೆ, ಜಾಲರಿ ನೇರ ನೆಲದ ಮಾನಿಟರ್ ಮುಖಕ್ಕೆ. ಇಡೀ ಸಭೆ ಬೆಚ್ಚಿ ಬೀಳುವ ಕೀರಲು ಬರುವುದು ಹೀಗೆಯೇ. ಮೈಕನ್ನು ಎದೆಗೆ ಒತ್ತಿ ಹಿಡಿಯಿರಿ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚುವುದೂ ಬೇಡ. ಹಿಂಬದಿಯ ಸದ್ದನ್ನು ತಡೆಯುವ ಗುಣವೇ ಆಗ ಹೋಗಿಬಿಡುತ್ತದೆ.

ಸ್ವಿಚ್ ಇರುವುದೋ ಇಲ್ಲದ್ದೋ? ಎಸ್‌ಎಂ58ಎಸ್‌ನಲ್ಲಿ ಆನ್-ಆಫ್ ಸ್ವಿಚ್ ಇದೆ. ಮಿಕ್ಸರ್ ಬಳಿ ಒಬ್ಬರು ಕೂತಿರುವ ಸಭೆಗೆ ನಮ್ಮ ಸಲಹೆ ಸ್ವಿಚ್ ಇಲ್ಲದ್ದು. ಮೌನ ಪ್ರಾರ್ಥನೆ ಮುಗಿಸಿ ಮಾತು ಶುರುಮಾಡಿದಾಗ ಮೊದಲ ವಾಕ್ಯ ಯಾರಿಗೂ ಕೇಳದೆ, ಮುಂದಿನ ಬೆಂಚಿನವರು ಕೈಸನ್ನೆ ಮಾಡುವ ದೃಶ್ಯ ಎಲ್ಲರಿಗೂ ಗೊತ್ತಿರುವುದೇ. ಮಿಕ್ಸರ್ ನೋಡಲು ಯಾರೂ ಇಲ್ಲದ ಚಿಕ್ಕ ಸಭೆಗೆ ಮಾತ್ರ ಸ್ವಿಚ್ ಉಪಯೋಗಕ್ಕೆ ಬರುತ್ತದೆ.

ಮಾತೇ ಹೆಚ್ಚು, ಹಾಡು ಕಡಿಮೆ ಎನ್ನುವವರು ಸೆನ್‌ಹೈಸರ್ ಇ835 ಒಮ್ಮೆ ಹಿಡಿದು ನೋಡಿ. ದೂರ ಬದಲಾದರೂ ಅದರ ದನಿ ಅಷ್ಟು ಏರುಪೇರಾಗುವುದಿಲ್ಲ. ಶೂರ್‌ನದೇ ಬೀಟಾ 58ಎ ಇನ್ನೂ ಹೊಳಪಿನದು, ಆದರೆ ಸೂಪರ್‌ಕಾರ್ಡಿಯಾಯ್ಡ್, ಅಂದರೆ ಮುಂದಿನ ಸದ್ದನ್ನು ಇನ್ನೂ ಕಿರಿದಾಗಿ ಹಿಡಿದು, ನೇರ ಹಿಂಬದಿಯದನ್ನೂ ಸ್ವಲ್ಪ ತೆಗೆದುಕೊಳ್ಳುತ್ತದೆ. ಅದಕ್ಕೆ ಮಾನಿಟರ್ ಬಾಲದ ನೇರಕ್ಕಲ್ಲ, ಎರಡು ಪಕ್ಕಕ್ಕೆ ಸರಿಸಿ ಇಡಬೇಕು, ಬಾಯಿಯೂ ನೇರಕ್ಕೇ ಇರಬೇಕು. ವಾರಕ್ಕೊಬ್ಬರು ಆರಾಧನೆ ನಡೆಸುವ ಸಭೆಗೆ ಅದು ಹೊಂದುವುದಿಲ್ಲ.

ಕೊಳ್ಳುವಾಗ ಎಚ್ಚರ: ಈ ಮಾದರಿಯಷ್ಟು ನಕಲಿಯಾಗುವ ಮೈಕ್ ಇನ್ನೊಂದಿಲ್ಲವೇನೋ. ಎರಡು ಮೂರು ಸಾವಿರಕ್ಕೆ ‘ಹೊಸ ಒರಿಜಿನಲ್’ ಎಂದರೆ ಹಿಂದೆ ಸರಿಯಿರಿ. ಅಧಿಕೃತ ಡೀಲರ್ ಬಿಲ್ ಕೇಳಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. 298 ಗ್ರಾಂಗಿಂತ ಬಹಳ ಕಡಿಮೆ ಬಂದರೆ ಅನುಮಾನಪಡಿ.

ತಂದ ಮೇಲೆ ತಿಂಗಳಿಗೊಮ್ಮೆ ಜಾಲರಿ ತಿರುಗಿಸಿ ಬಿಚ್ಚಿ, ಒಳಗಿನ ಸ್ಪಂಜ್ ಸಹಿತ ಸೋಪು ನೀರಿನಲ್ಲಿ ತೊಳೆಯಿರಿ. ಎಂಜಲು, ಧೂಳು ಕಟ್ಟಿದ ಸ್ಪಂಜ್ ಮೇಲಿನ ಸ್ವರಗಳನ್ನು ನುಂಗಿ ಮಾತನ್ನು ಮಬ್ಬಾಗಿಸುತ್ತದೆ. ‘ಮೈಕ್ ಹೋಯ್ತು’ ಎಂದು ಮೂಲೆಗೆ ಬಿದ್ದ ಎಷ್ಟೋ ಮೈಕ್‌ಗಳಿಗೆ ಆಗಿರುವುದು ಇಷ್ಟೇ. ಪೂರ್ತಿ ಒಣಗಿದ ಮೇಲಷ್ಟೇ ಮರಳಿ ಹಾಕಿ. ಜಾಲರಿ ತೀರಾ ನಜ್ಜುಗುಜ್ಜಾಗಿದ್ದರೆ ಆರ್‌ಕೆ143ಜಿ ಎಂಬ ಬಿಡಿಭಾಗ ಕೇಳಿ, ಇಡೀ ಮೈಕ್ ಬದಲಿಸಬೇಕಿಲ್ಲ.