ಬಾಕ್ಸ್ ಮೇಲೆ 4ಕೆ, ರಾತ್ರಿಯಾದರೆ ನಂಬರ್ ಪ್ಲೇಟ್ ಮಾಯ

ಮೊದಲೇ ಹೇಳಿಬಿಡುತ್ತೇನೆ. ಕಾರಿನ ಗಾಜಿಗೆ ಅಂಟಿಸಿ ರಸ್ತೆ ರೆಕಾರ್ಡ್ ಮಾಡುವ ಈ ಡ್ಯಾಶ್‌ಕ್ಯಾಮ್‌ಗೆ ಹಗಲಿನ ವೀಡಿಯೋ ನೋಡಿದರೆ ನಾಲ್ಕು ಸ್ಟಾರ್ ಕೊಡಬಹುದು, ರಾತ್ರಿಯದ್ದಕ್ಕೆ ಎರಡು ಕೊಟ್ಟರೂ ಜಾಸ್ತಿಯೇ. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೂ ದೊಡ್ಡ ಉಪಯೋಗ ಇಲ್ಲ, ಯಾಕೆಂದರೆ ಒಳಗಿನ ಅದೇ ಸಾಮಾನು ಬೇರೆ ಬೇರೆ ಸ್ಟಿಕ್ಕರ್ ಹಚ್ಚಿಕೊಂಡು ಬೇರೆ ಬೇರೆ ಹೆಸರಲ್ಲಿ ಮಾರಾಟಕ್ಕೆ ಬರುತ್ತದೆ.

ಹೋಲಿಸಿ ನೋಡಲಿಕ್ಕೆ ಭಾವನ ಕಾರಿನ ಹಳೇ 2ಕೆ ಕ್ಯಾಮೆರಾ ಇತ್ತು, ಬೆಲೆಯಲ್ಲೂ ಇದಕ್ಕಿಂತ ಕಡಿಮೆಯದ್ದು. ಎರಡನ್ನೂ ಒಂದೇ ಗಾಜಿಗೆ ಅಕ್ಕಪಕ್ಕ ಅಂಟಿಸಿ ಉಡುಪಿಯಿಂದ ಮಂಗಳೂರಿಗೆ 66ರ ಹೈವೇಯಲ್ಲಿ ಓಡಿಸಿದೆವು. ಹಗಲಲ್ಲಿ 4ಕೆ ಚೆನ್ನಾಗಿಯೇ ಉಂಟು. ಕಾಪು ದಾಟಿದ ಮೇಲೆ ಎಡಗಡೆಯಿಂದ ನುಗ್ಗಿದ ಎಕ್ಸ್‌ಪ್ರೆಸ್ ಬಸ್ಸಿನ (ಅವರು ಬಲಗಡೆಯಿಂದ ಓವರ್‌ಟೇಕ್ ಮಾಡಿದ್ದನ್ನು ಯಾರಾದರೂ ನೋಡಿದ್ದೀರಾ?) ಹಿಂದಿನ ಬೋರ್ಡು, ನಂಬರು ಎಲ್ಲ ಸಲೀಸಾಗಿ ಓದಬಹುದು. ಬಣ್ಣ ಸ್ವಲ್ಪ ಜಾಸ್ತಿ ಹೊಡೆಯುತ್ತದೆ, ಅದೇನೂ ತೊಂದರೆ ಅಲ್ಲ.

ಕತ್ತಲಾದ ಮೇಲೆ ಲೆಕ್ಕ ಉಲ್ಟಾ. ಮಂಗಳೂರಿನ ನಂತೂರಿನಲ್ಲಿ ಸಿಗ್ನಲ್‌ಗೆ ನಿಂತಾಗ ಎದುರಿನ ಕಾರಿನ ನಂಬರು ಭಾವನ ಕ್ಯಾಮೆರಾದಲ್ಲಿ ಕಾಣುತ್ತದೆ, ನನ್ನದರಲ್ಲಿ ಬರೀ ಬಿಳಿ ಪಟ್ಟಿ. ಈಗಿನ ಹೈ ಸೆಕ್ಯೂರಿಟಿ ಪ್ಲೇಟ್‌ಗಳು ಬೆಳಕನ್ನು ಹಿಂದಕ್ಕೆ ಹೊಡೆಯುತ್ತವೆ, ನಮ್ಮದೇ ಹೆಡ್‌ಲೈಟ್ ಬಿದ್ದು ಅಕ್ಷರ ಕರಗಿ ಹೋಗುತ್ತದೆ. ಮಳೆ ಬಂದರಂತೂ ಕೇಳುವುದೇ ಬೇಡ. ರಸ್ತೆ ಬದಿಯ ಮರ, ತೆಂಗಿನ ತೋಟ ಎಲ್ಲ ಗಂಜಿಯ ಹಾಗೆ ಕಲಸಿಹೋಗುತ್ತದೆ.

ಯಾಕೆ ಹೀಗೆ ಅಂತ ಕೆದಕಿದೆ. ತಮಾಷೆ ಏನೆಂದರೆ ಎರಡರಲ್ಲೂ ಇರುವುದು ಒಂದೇ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್), ಸೋನಿಯ ಐಎಂಎಕ್ಸ್ 335. ಅದು 5 ಮೆಗಾಪಿಕ್ಸೆಲ್‌ನದ್ದು, 2592 ಅಗಲ, 1944 ಎತ್ತರ. ನಿಜವಾದ 4ಕೆಗೆ 3840 ಅಗಲ, 2160 ಎತ್ತರ ಬೇಕು, ಅಂದರೆ 8 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಮೇಲೆ. ಇಲ್ಲದ ಪಿಕ್ಸೆಲ್ ಎಲ್ಲಿಂದ ಬಂತು ಮಾರಾಯ್ರೆ? ಸಾಫ್ಟ್‌ವೇರ್ ಎಳೆದು ದೊಡ್ಡದು ಮಾಡಿದೆ, ಅಷ್ಟೇ. ಭಾವನ ಕ್ಯಾಮೆರಾ ಇದ್ದಷ್ಟನ್ನೇ ಬರೆಯುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ವೀಡಿಯೋಗೆ ಎಷ್ಟು ಡೇಟಾ ಬರೆಯುತ್ತದೆ ಅನ್ನುವುದು. ಅದನ್ನು ಬಾಕ್ಸ್ ಮೇಲೆ ಯಾರೂ ಹಾಕುವುದಿಲ್ಲ, ಆದರೆ ಕಂಡುಹಿಡಿಯುವುದು ಸುಲಭ. ಒಂದು ನಿಮಿಷದ ಫೈಲ್ ಎಷ್ಟು ಎಂಬಿ ಉಂಟು ಅಂತ ನೋಡಿ, ಎಂಟರಿಂದ ಗುಣಿಸಿ ಅರವತ್ತರಿಂದ ಭಾಗಿಸಿ. ನನ್ನದು ಸುಮಾರು 110 ಎಂಬಿ, ಅಂದರೆ ಸೆಕೆಂಡಿಗೆ 15 ಮೆಗಾಬಿಟ್ ಹತ್ತಿರ. ಭಾವನದ್ದು 190 ಎಂಬಿ, 25ರ ಮೇಲೆ. ವೀಡಿಯೋ ಹಿಂಡುವ ವಿಧಾನ ಎರಡರಲ್ಲೂ ಒಂದೇ, ಎಚ್.264. 4ಕೆಯಲ್ಲಿ 2ಕೆಗಿಂತ (2560 ಅಗಲ, 1440 ಎತ್ತರ) ಎರಡೂ ಕಾಲು ಪಟ್ಟು ಪಿಕ್ಸೆಲ್ ಇರುತ್ತದೆ, ಅದನ್ನು ಕಡಿಮೆ ಜಾಗಕ್ಕೆ ತುರುಕಿದರೆ ಮಳೆಹನಿ, ಎಲೆ, ನಂಬರು ಇಂಥ ಸಣ್ಣ ಸಣ್ಣ ವಿವರಗಳೇ ಮೊದಲು ಹೋಗುವುದು.

ಸೆಟ್ಟಿಂಗ್‌ನಲ್ಲಿ ಕೈಯಾಡಿಸಿದ ಮೇಲೆ ಸ್ವಲ್ಪ ಸುಧಾರಿಸಿತು. ರಾತ್ರಿ ಎಕ್ಸ್‌ಪೋಷರ್ (ಬೆಳಕು ಎಷ್ಟು ಹಿಡಿಯಬೇಕು ಅನ್ನುವ ಸೆಟ್ಟಿಂಗ್) ಒಂದೆರಡು ಮೆಟ್ಟಿಲು ಕೆಳಗೆ ಇಳಿಸಿದರೆ ವೀಡಿಯೋ ಕಪ್ಪಾಗುತ್ತದೆ, ಆದರೆ ಪ್ಲೇಟ್ ಮೇಲಿನ ಅಕ್ಷರ ಉಳಿಯುತ್ತದೆ. 60 ಹರ್ಟ್ಸ್ ಅಂತ ಇದ್ದರೆ 50ಕ್ಕೆ ಬದಲಿಸಿ, ನಮ್ಮ ಕರೆಂಟ್ 50ರದ್ದು, ಬೀದಿದೀಪ ಮಿಣುಕುವುದು ಕಡಿಮೆಯಾಗುತ್ತದೆ. ಜೊತೆಗೆ ಕೊಟ್ಟ ಸಿಪಿಎಲ್ ಫಿಲ್ಟರ್ (ಲೆನ್ಸ್ ಮೇಲೆ ಹಾಕುವ ಪೋಲರೈಸರ್ ಗಾಜು) ಹಗಲಲ್ಲಿ ಡ್ಯಾಶ್‌ಬೋರ್ಡಿನ ಪ್ರತಿಬಿಂಬ ತೆಗೆಯುತ್ತದೆ, ಆದರೆ ಬೆಳಕನ್ನೂ ತಿನ್ನುತ್ತದೆ. ರಾತ್ರಿ ಓಡಾಟ ಜಾಸ್ತಿ ಇರುವವರು ತೆಗೆದಿಡುವುದೇ ಒಳ್ಳೆಯದು. ಮತ್ತೆ ನಮ್ಮ ಊರಲ್ಲಿ ಗಾಜು. ಕಡಲ ಗಾಳಿಯ ಉಪ್ಪಿನ ಪೊರೆ ಹೊರಗೆ, ಮಳೆಗಾಲದ ಮಂಜು ಒಳಗೆ. ವೈಪರ್ ಓಡುವ ಜಾಗದಲ್ಲಿ ಕ್ಯಾಮೆರಾ ಕೂರಿಸದಿದ್ದರೆ ಎಷ್ಟು ಒಳ್ಳೆಯ ಸೆನ್ಸರ್ ಇದ್ದರೂ ಸುಮ್ನೆ.

ಒಂದು ಮಾತ್ರ ಯಾವ ಡ್ಯಾಶ್‌ಕ್ಯಾಮ್‌ನಿಂದಲೂ ಕೇಳಬೇಡಿ. ಹೆಬ್ರಿಯಿಂದ ಆಗುಂಬೆ ಕಡೆಗೆ ಹೋಗುವಾಗ ರಾತ್ರಿ ಎದುರಿಂದ ಬರುವ ಗಾಡಿಯ ನಂಬರು. ಇಬ್ಬರೂ ಅರವತ್ತರಲ್ಲಿ ಇದ್ದರೆ ಎರಡು ಗಾಡಿಗಳ ನಡುವಿನ ಅಂತರ ಸೆಕೆಂಡಿಗೆ 33 ಮೀಟರ್ ಕಡಿಮೆಯಾಗುತ್ತದೆ. ಕತ್ತಲಲ್ಲಿ ಶಟರ್ ಸೆಕೆಂಡಿನ ಮೂವತ್ತನೇ ಒಂದು ಪಾಲು ತೆರೆದಿದ್ದರೂ ಅಷ್ಟರಲ್ಲಿ ಗಾಡಿ ಒಂದು ಮೀಟರ್ ಹತ್ತಿರ ಬಂದಾಯಿತು. ಅಕ್ಷರ ಗೀರಾಗದೆ ಇನ್ನೇನಾಗುತ್ತದೆ?

ನಿಜವಾದ 4ಕೆ ಬೇಕೆಂದರೆ ಸೆನ್ಸರ್ ನಂಬರು ಕೇಳಿ. ಐಎಂಎಕ್ಸ್ 415 ಮತ್ತು 678 ಎರಡೂ 8 ಮೆಗಾಪಿಕ್ಸೆಲ್‌ನವು, ಆದರೆ 678 ಸೋನಿಯ ಹೊಸ ಸ್ಟಾರ್‌ವಿಸ್ 2 ಪೀಳಿಗೆಯದ್ದು, ಅದರ ಪಿಕ್ಸೆಲ್ 2 ಮೈಕ್ರಾನ್, 415ರದ್ದು 1.45 ಮಾತ್ರ. ದೊಡ್ಡ ಪಿಕ್ಸೆಲ್ ಬೆಳಕು ಜಾಸ್ತಿ ಹಿಡಿಯುತ್ತದೆ. ಅಂಗಡಿಗೆ ಹೋದರೆ ರಾತ್ರಿ ತೆಗೆದ ಒಂದು ಫೈಲ್ ಕಾರ್ಡಿನಿಂದಲೇ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ ಅಂದರೆ ಬೇಡ ಅನ್ನಿ, ಅದು ಹಿಂಡಿ ಕಳಿಸುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಕಾಣುವುದೂ ಎಷ್ಟೋ ಸಲ ಸಣ್ಣ ಕಾಪಿಯೇ. ಆನ್‌ಲೈನ್‌ನಲ್ಲಿ ತರಿಸಿದವರು ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು ಮಳೆ ಬರುವ ಒಂದು ರಾತ್ರಿ ಮಂಗಳೂರಿನ ಪಂಪ್‌ವೆಲ್ ಕಡೆ ಒಂದು ಸುತ್ತು ಹಾಕಿ, ಫೈಲನ್ನು ಕಂಪ್ಯೂಟರಿನಲ್ಲಿ ನಿಲ್ಲಿಸಿ ನೋಡಿ.